ಗಂಟೆ ಲೆಕ್ಕವೋ, ಕನಿಷ್ಠ ಅವಧಿಯೋ: ಊರೂರು ತಿರುಗುವ ಎಸ್ಕಾರ್ಟ್ ದರ ಕಟ್ಟುವ ಬಗೆ

ಒಂದೇ ಊರಿನಲ್ಲಿದ್ದು ಕೆಲಸ ಮಾಡುವವರಿಗೆ ಒಂದು ಬುಕಿಂಗ್ ತಪ್ಪಿದರೆ ಆ ದಿನದ ಸಂಪಾದನೆ ಮಾತ್ರ ತಪ್ಪುತ್ತದೆ. ಊರೂರು ತಿರುಗುವ ಸ್ವತಂತ್ರ ಎಸ್ಕಾರ್ಟ್‌ಗೆ, ಅಂದರೆ ದುಡ್ಡು ಪಡೆದು ಲೈಂಗಿಕ ಸೇವೆ ಕೊಡುವವಳಿಗೆ, ಹಾಗಲ್ಲ. ಮೊದಲ ಗಿರಾಕಿ ಬಾಗಿಲು ತಟ್ಟುವ ಹೊತ್ತಿಗೆ ಟಿಕೆಟ್, ರೂಮು, ಆ ಊರಿನ ಜಾಹೀರಾತು ಎಲ್ಲಕ್ಕೂ ದುಡ್ಡು ಕೊಟ್ಟಾಗಿರುತ್ತದೆ. ಈ ಖರ್ಚನ್ನು ದರದೊಳಗೆ ಎಲ್ಲಿ ಕೂರಿಸಬೇಕು ಎನ್ನುವುದರಲ್ಲೇ ಉಳಿತಾಯವೂ ನಷ್ಟವೂ ಇದೆ. ಎಲ್ಲ ಊರಿಗೂ ಒಂದೇ ಗಂಟೆ ದರ, ಪ್ರವಾಸದಲ್ಲಿ ಏರಿಸಿದ ಗಂಟೆ ದರ, ಮೂಲ ದರದ ಮೇಲೆ ಪ್ರಯಾಣದ ಖರ್ಚು ಬೇರೆ, ಕನಿಷ್ಠ ಇಷ್ಟು ಹೊತ್ತಿನ ಬುಕಿಂಗ್ ಮಾತ್ರ, ಹೀಗೆ ನಾಲ್ಕು ಪದ್ಧತಿಗಳನ್ನು ನಾನು ನಡೆಸಿ ನೋಡಿದ್ದೇನೆ. ಗಿರಾಕಿಯೇ ಖರ್ಚು ಕೊಟ್ಟು ತನ್ನ ಊರಿಗೆ ಕರೆಸಿಕೊಳ್ಳುವುದನ್ನೂ ಸೇರಿಸಿದರೆ ಐದು. ವಯಸ್ಕರು ಸ್ವಂತ ಇಚ್ಛೆಯಿಂದ, ಕಾನೂನು ಒಪ್ಪುವ ಕಡೆ ಮಾಡುವ ಕೆಲಸದ ಮಾತಿದು.

ಹೋಲಿಸುವ ಮೊದಲು ಖರ್ಚನ್ನು ಮೂರು ಪಾಲು ಮಾಡಿಕೊಳ್ಳಬೇಕು. ಮೊದಲನೆಯದು ವರ್ಷದ ಖರ್ಚು: ಫೋಟೋ, ವೆಬ್‌ಸೈಟ್, ಕೆಲಸಕ್ಕೆಂದೇ ಇಟ್ಟ ಎರಡನೇ ಫೋನ್ ನಂಬರು, ಬಟ್ಟೆ, ಕೂದಲು, ನಿಯಮಿತ ಆರೋಗ್ಯ ತಪಾಸಣೆ, ತೆರಿಗೆ, ಹುಷಾರಿಲ್ಲದ ದಿನಗಳಿಗೆ ಎತ್ತಿಡುವ ದುಡ್ಡು. ಎರಡನೆಯದು ಆ ಪ್ರವಾಸದ ಖರ್ಚು. ಮೂರನೆಯದು ಪ್ರತಿ ಭೇಟಿಯ ಖರ್ಚು: ಕಾಂಡೋಮ್, ಲೂಬ್ರಿಕೆಂಟ್, ಹೊದಿಕೆ ಟವೆಲ್ಲುಗಳ ಒಗೆತ, ಗಿರಾಕಿ ಯಾರೆಂದು ಪರಿಶೀಲಿಸಲು ಹಿಡಿಯುವ ಸಮಯ. ಈ ಕೊನೆಯದನ್ನು ಬಹಳಷ್ಟು ಮಂದಿ ಲೆಕ್ಕಕ್ಕೇ ಹಿಡಿಯುವುದಿಲ್ಲ. ಒಂದು ಗಂಟೆಯ ಭೇಟಿಯ ಹಿಂದೆ ಮೆಸೇಜುಗಳು, ಗುರುತಿನ ಪರಿಶೀಲನೆ, ಸ್ನಾನ, ತಯಾರಿ, ರೂಮು ಸರಿ ಮಾಡುವುದು, ಆಮೇಲೆ ಮತ್ತೆ ಅದೇ ಸುತ್ತು ಇರುತ್ತದೆ. ಭೇಟಿ ಒಂದು ಗಂಟೆಯದಿರಲಿ ಮೂರು ಗಂಟೆಯದಿರಲಿ, ಈ ಸುತ್ತು ಒಂದೇ ಸಲ. ಕೆಳಗಿನ ಲೆಕ್ಕವೆಲ್ಲ ನಿಂತಿರುವುದು ಈ ಮಾತಿನ ಮೇಲೆ.

ಹೋಲಿಕೆಗೆ ಅನುಕೂಲವಾಗಲಿ ಎಂದು ಒಂದು ಗಂಟೆಯ ದರವನ್ನು 100 ಎಂದು ಹಿಡಿಯೋಣ. ಯಾವ ದೇಶದ ನಾಣ್ಯವಾದರೂ ಸರಿ. ಪ್ರವಾಸದ ಖರ್ಚು 240, ಪ್ರತಿ ಭೇಟಿಯ ಖರ್ಚು 12 ಇರಲಿ.

ಎಲ್ಲ ಕಡೆಯೂ ಒಂದೇ ದರ ಎನ್ನುವ ಪದ್ಧತಿಯಲ್ಲಿ ಒಂದು ಭೇಟಿಯಿಂದ ಉಳಿಯುವುದು 88. ಎರಡು ಭೇಟಿಗೆ 176, ಮೂರಕ್ಕೆ 264. ಅಂದರೆ ಮೂರನೆಯ ಭೇಟಿಯಲ್ಲಿ ಹಾಕಿದ ದುಡ್ಡು ಹುಟ್ಟುತ್ತದೆ, ನಾಲ್ಕನೆಯದರಿಂದ ನನ್ನ ಸಂಪಾದನೆ ಶುರು. ಈ ಪದ್ಧತಿಯ ಸುಖ ಏನೆಂದರೆ ಯಾರಿಗೂ ವಿವರಣೆ ಕೊಡಬೇಕಿಲ್ಲ. ಹಳೇ ಗಿರಾಕಿ ಯಾವ ಊರಿನಲ್ಲಿ ಸಿಕ್ಕರೂ ಅದೇ ದರ. ಕಷ್ಟವೆಂದರೆ ಒಂದು ಬುಕಿಂಗ್ ರದ್ದಾದರೂ ಕೈ ಕಚ್ಚುತ್ತದೆ, ಆಗ ತಲೆಯೊಳಗೆ ಒಂದು ಒತ್ತಡ ಹುಟ್ಟುತ್ತದೆ. ಹೆಸರು ಕೊಡಲು ತಡವರಿಸುವವನು, ಮೊದಲ ಮೆಸೇಜಿನಲ್ಲೇ ಒರಟಾಗಿ ಮಾತಾಡಿದವನು, ಕಾಂಡೋಮ್ ವಿಷಯದಲ್ಲಿ ಚೌಕಾಸಿಗಿಳಿದವನು, ಇವರೆಲ್ಲ ಆ ಒತ್ತಡದಲ್ಲಿ ‘ಪರವಾಗಿಲ್ಲ’ ಅನಿಸತೊಡಗುತ್ತಾರೆ. ನನಗೆ ದರ ಅಂದರೆ ಮೊದಲಿಗೆ ಇದೇ: ಬೇಡ ಎನ್ನಬೇಕಾದವನಿಗೆ ಬೇಡ ಎಂದೂ ರೂಮಿನ ಬಿಲ್ಲು ಕಟ್ಟಲು ಆಗಬೇಕು. ಅದಕ್ಕೆ ಅಡ್ಡ ಬರುವ ದರಪದ್ಧತಿ ಎಷ್ಟೇ ಸರಳವಾಗಿದ್ದರೂ ನನಗೆ ಬೇಡ.

ಹಾಗಾದರೆ ಪ್ರವಾಸದಲ್ಲಿ ದರ ಏರಿಸಿದರೆ ಆಯಿತಲ್ಲ ಎನ್ನಬಹುದು. ಲೆಕ್ಕ ಹಾಕಿದರೆ ಇಲ್ಲೊಂದು ಅಚ್ಚರಿ ಇದೆ. ನೂರಕ್ಕೆ 20 ಏರಿಸಿ ಗಂಟೆಗೆ 120 ಮಾಡಿದರೆ ಭೇಟಿಗೆ ಉಳಿಯುವುದು 108. ಎರಡು ಭೇಟಿಗೆ 216, ಖರ್ಚು 240. ಇಲ್ಲೂ ಅಸಲು ಹುಟ್ಟುವುದು ಮೂರನೆಯ ಭೇಟಿಯಲ್ಲೇ! ಪ್ರವಾಸ ಚೆನ್ನಾಗಿ ನಡೆದಾಗ ಏರಿಸಿದ ದರ ಹೆಚ್ಚು ಕೊಡುತ್ತದೆ ನಿಜ, ಆದರೆ ಬುಕಿಂಗ್ ಕಮ್ಮಿಯಾದ ಪ್ರವಾಸದಲ್ಲಿ, ಅಂದರೆ ರಕ್ಷಣೆ ಬೇಕಾದ ಹೊತ್ತಿನಲ್ಲೇ, ಅದು ಕಾಪಾಡುವುದಿಲ್ಲ. ಜೊತೆಗೆ ಎರಡು ದರಗಳು ಎದುರುಬದುರು ಕಾಣುತ್ತವೆ. ನಿಮ್ಮೂರಲ್ಲಿ ಇಷ್ಟು, ಇಲ್ಲಿ ಯಾಕೆ ಅಷ್ಟು ಎಂದು ಕೇಳುವವರು ಇದ್ದೇ ಇರುತ್ತಾರೆ. ಇನ್ನು ಕೆಲವರು ನನ್ನ ಊರಿಗೇ ಬಂದು ಕಡಿಮೆ ದರದಲ್ಲಿ ನೋಡೋಣ ಎಂದು ಕಾಯುತ್ತಾರೆ. ದೊಡ್ಡ ಊರಿನಲ್ಲಿ ಎಲ್ಲರ ದರವೂ ಮೇಲಿದ್ದರೆ ಏರಿಸಿದ ದರ ಸಲೀಸಾಗಿ ನಡೆಯುತ್ತದೆ ಎಂಬುದನ್ನೂ ಹೇಳಬೇಕು. ಖರ್ಚು ಹೆಚ್ಚಾಯಿತು ಎನ್ನುವುದು ದರ ಏರಿಸಲು ಸಾಕಾದ ಕಾರಣವಲ್ಲ. ಆ ಊರಿನಲ್ಲಿ ನನ್ನಂತೆಯೇ ಕೆಲಸ ಮಾಡುವವರು ಎಷ್ಟು ಕೇಳುತ್ತಿದ್ದಾರೆ ಎಂದು ನೋಡಿಯೇ ಏರಿಸಬೇಕು.

ಪ್ರಯಾಣದ ಖರ್ಚು ಬೇರೆ ಎಂದು ಬರೆಯುವ ಪದ್ಧತಿ ಕಾಗದದ ಮೇಲೆ ಬಹಳ ನ್ಯಾಯವಾಗಿ ಕಾಣುತ್ತದೆ. ನಡೆಸಿ ನೋಡಿದರೆ ಎಲ್ಲಕ್ಕಿಂತ ಹೆಚ್ಚು ತಲೆನೋವು ಇದರದೇ. ಎಷ್ಟು ಮಂದಿ ಬರುತ್ತಾರೆಂದು ಮೊದಲೇ ಗೊತ್ತಿಲ್ಲದಿರುವಾಗ 240ನ್ನು ಎಷ್ಟು ಪಾಲು ಮಾಡುವುದು? ನಾಲ್ಕು ಪಾಲು ಮಾಡಿ ಇಬ್ಬರೇ ಬಂದರೆ ಅರ್ಧ ನನ್ನ ತಲೆಗೆ. ಎರಡು ಪಾಲು ಮಾಡಿ ನಾಲ್ವರು ಬಂದರೆ ಒಂದೇ ಖರ್ಚನ್ನು ಎರಡು ಸಲ ವಸೂಲಿ ಮಾಡಿದಂತೆ. ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಖರ್ಚನ್ನು ಬಿಡಿಸಿ ತೋರಿಸಿದ ಕೂಡಲೇ ಅದು ಚರ್ಚೆಯ ವಿಷಯವಾಗುತ್ತದೆ. ಟಿಕೆಟ್ ಇದಕ್ಕಿಂತ ಅಗ್ಗಕ್ಕೆ ಸಿಗುತ್ತದಲ್ಲ, ನಾನೇ ಕಾರಿನಲ್ಲಿ ಕರೆದುಕೊಂಡು ಬರುತ್ತೇನೆ, ನನ್ನ ಪರಿಚಯದ ಹೋಟೆಲ್ ಇದೆ ಎಂಬ ಮಾತುಗಳು ಶುರುವಾಗುತ್ತವೆ. ಎರಡನೆಯದಕ್ಕೂ ಮೂರನೆಯದಕ್ಕೂ ಒಪ್ಪಿದರೆ ನಾನು ಎಲ್ಲಿದ್ದೇನೆ, ಯಾವಾಗ ಹೊರಡಬಲ್ಲೆ ಎನ್ನುವ ಹಿಡಿತ ಬೇರೆಯವರ ಕೈಗೆ ಹೋಗುತ್ತದೆ.

ಇನ್ನು ಕನಿಷ್ಠ ಅವಧಿ. ಪ್ರವಾಸದಲ್ಲಿ ಎರಡು ಗಂಟೆಗಿಂತ ಕಡಿಮೆಯ ಬುಕಿಂಗ್ ಇಲ್ಲ, ಎರಡು ಗಂಟೆಗೆ 190. ಗಂಟೆಗೆ ಲೆಕ್ಕ ಹಾಕಿದರೆ 95, ಅಂದರೆ ಗಿರಾಕಿಗೆ ಸ್ವಲ್ಪ ಲಾಭವೇ. ನನಗೆ ಒಂದು ಭೇಟಿಗೆ ಉಳಿಯುವುದು 178. ಎರಡನೆಯ ಭೇಟಿಗೇ 356, ಖರ್ಚು ಕಳೆದು 116 ಕೈಯಲ್ಲಿ. ಮೇಲಿನ ಯಾವ ಗಂಟೆ ದರವೂ ಎರಡು ಭೇಟಿಯಲ್ಲಿ ಇದನ್ನು ಮಾಡಲಿಲ್ಲ. ಒಟ್ಟು ಆರು ಗಂಟೆ ದುಡಿದೆ ಎಂದು ಹೋಲಿಸಿ ನೋಡಿ. ಒಂದೊಂದು ಗಂಟೆಯ ಆರು ಭೇಟಿಗೆ 600 ಬರುತ್ತದೆ, ಭೇಟಿ ಖರ್ಚು 72, ಪ್ರವಾಸದ ಖರ್ಚು 240, ಉಳಿದದ್ದು 288. ಎರಡೆರಡು ಗಂಟೆಯ ಮೂರು ಭೇಟಿಗೆ 570, ಭೇಟಿ ಖರ್ಚು 36, ಪ್ರವಾಸದ್ದು ಅದೇ 240, ಉಳಿದದ್ದು 294. ಗಂಟೆಯ ದರ ಇಳಿಸಿಯೂ ಕೈಗೆ ಹೆಚ್ಚು ಬಂತು. ಅಪರಿಚಿತರ ಸಂಖ್ಯೆ ಆರರಿಂದ ಮೂರಕ್ಕಿಳಿಯಿತು. ಮೂರು ಜನರನ್ನು ಪರಿಶೀಲಿಸಲು ಸಿಗುವ ಸಮಾಧಾನ ಆರು ಜನರಿಗೆ ಸಿಗುವುದಿಲ್ಲ. ಹೋಟೆಲಿನ ಪಡಸಾಲೆಯಲ್ಲಿ ದಿನಕ್ಕೆ ಐದಾರು ಮಂದಿ ಬೇರೆ ಬೇರೆ ಗಂಡಸರು ಒಂದೇ ರೂಮಿಗೆ ಹೋಗಿಬರುವುದು ಕಣ್ಣಿಗೆ ಬೀಳುತ್ತದೆ. ಇಬ್ಬರು ಬಂದರೆ ಯಾರ ಗಮನಕ್ಕೂ ಬರುವುದಿಲ್ಲ.

ಇದಕ್ಕೂ ಒಂದು ಬೆಲೆ ಇದೆ. ಮೊದಲ ಸಲ ಬರುವವರು ಗುರುತಿಲ್ಲದವಳೊಂದಿಗೆ ಎರಡು ಗಂಟೆ ಎಂದರೆ ಹಿಂಜರಿಯುತ್ತಾರೆ, ಮೆಸೇಜುಗಳ ಸಂಖ್ಯೆ ಎದ್ದು ಕಾಣುವಷ್ಟು ಇಳಿಯುತ್ತದೆ. ಹೊಸ ಊರಿನಲ್ಲಿ ನನ್ನ ಹೆಸರು ಯಾರಿಗೂ ಗೊತ್ತಿಲ್ಲದಿದ್ದಾಗ ನಾನು ಒಂದೂವರೆ ಗಂಟೆಯನ್ನು ಕನಿಷ್ಠವಾಗಿ ಇಡುತ್ತೇನೆ. ಒಂದು ಗಂಟೆಗೆ ಮಾತ್ರ ಇಳಿಯುವುದಿಲ್ಲ. ಕೆಲಸಕ್ಕೆ ಆಗಷ್ಟೇ ಬಂದವರಿಗೆ, ಹಳೇ ಗಿರಾಕಿಗಳ ಬಲ ಇಲ್ಲದವರಿಗೆ, ಸ್ವಂತ ಊರಿನಲ್ಲಿ ಗಂಟೆ ದರದಲ್ಲೇ ಹೆಸರು ಕಟ್ಟಿಕೊಂಡು ಆಮೇಲೆ ಪ್ರವಾಸ ಹೊರಡಿ ಎಂದೇ ಹೇಳುತ್ತೇನೆ.

ಗಿರಾಕಿಯೇ ಕರೆಸಿಕೊಳ್ಳುವ ಬಗೆಯನ್ನು ಪ್ರತ್ಯೇಕವಾಗಿ ನೋಡಬೇಕು, ಯಾಕೆಂದರೆ ಅಲ್ಲಿ ಖರ್ಚಿಡೀ ಒಬ್ಬನದು. ಇದರಲ್ಲೂ ಎರಡು ದಾರಿ. ಆದ ಖರ್ಚನ್ನು ರಸೀದಿಯ ಪ್ರಕಾರ ಕೊಡುವುದು ಒಂದು, ದೂರ ನೋಡಿ ಮೊದಲೇ ನಿಗದಿಪಡಿಸಿದ ಪ್ರಯಾಣ ಶುಲ್ಕ ಇನ್ನೊಂದು. ನಾನು ನಿಗದಿತ ಶುಲ್ಕದ ಕಡೆ. ಹತ್ತಿರದ ಊರಿಗೆ ಇಷ್ಟು, ರಾತ್ರಿ ಪ್ರಯಾಣದ ದೂರಕ್ಕೆ ಇಷ್ಟು, ವಿಮಾನ ಹತ್ತಬೇಕಾದರೆ ಇಷ್ಟು ಎಂದು ಮೂರು ಹಂತ ಸಾಕು. ಪೂರ್ತಿ ಮೊತ್ತ ಮೊದಲೇ ಕೈಸೇರಬೇಕು, ಟಿಕೆಟ್ ನಾನೇ ಮಾಡಿಸುತ್ತೇನೆ. ನಾನೇ ಟಿಕೆಟ್ ತೆಗೆದುಕೊಟ್ಟು ಕಳಿಸುತ್ತೇನೆ ಎನ್ನುವ ಗಿರಾಕಿಯ ಉದಾರತೆಗೆ ಒಪ್ಪಬೇಡಿ. ವಿಮಾನದ ಟಿಕೆಟ್‌ಗೆ ಗುರುತಿನ ಚೀಟಿಯಲ್ಲಿರುವ ನಿಜ ಹೆಸರು ಬೇಕು. ಅದನ್ನು ಕೊಟ್ಟರೆ ಕೆಲಸದ ಹೆಸರಿನ ಹಿಂದಿರುವ ಮನುಷ್ಯಳು ಯಾರೆಂದು ಅವನಿಗೆ ತಿಳಿದಂತೆ. ಮೇಲಾಗಿ ಟಿಕೆಟ್ ಕೊಂಡವನು ಅದನ್ನು ರದ್ದೂ ಮಾಡಬಲ್ಲ, ವಾಪಸ್ಸಿನದನ್ನೂ ಸೇರಿಸಿ. ವಾಪಸ್ ಟಿಕೆಟ್ ನನ್ನ ಫೋನಿನಲ್ಲಿ, ದಿನ ಬದಲಿಸಬಹುದಾದ ದರ್ಜೆಯದು. ಆ ದರ್ಜೆಗೆ ತಗಲುವ ಹೆಚ್ಚುವರಿ ದುಡ್ಡೂ ಶುಲ್ಕದೊಳಗೆ ಸೇರಿರಬೇಕು. ಇಂಥ ಬುಕಿಂಗ್‌ಗೆ ಕನಿಷ್ಠ ಅವಧಿಯೂ ದೊಡ್ಡದೇ ಇರಬೇಕು: ಬರುವ ಹೋಗುವ ದಿನಗಳಲ್ಲಿ ಬೇರೆ ಕೆಲಸ ಹಿಡಿಯಲಾಗುವುದಿಲ್ಲ. ರಾತ್ರಿಯಿಡೀ ಎಂದರೆ ಗಂಟೆಯ ದರವನ್ನು ಹನ್ನೆರಡರಿಂದ ಗುಣಿಸುವುದಲ್ಲ, ಆದರೆ ನಿದ್ದೆ ಇಷ್ಟು ಗಂಟೆ, ಊಟ ಹೊರಗೆ ಎಂಬುದನ್ನು ಮೊದಲೇ ಬರೆದುಕೊಟ್ಟಿರಬೇಕು. ನಿದ್ದೆಗೆಡಿಸಿಕೊಂಡ ಮಾರನೆಯ ದಿನವೂ ಖರ್ಚೇ.

ಅಡ್ವಾನ್ಸ್ ಇಲ್ಲದೆ ಈ ಯಾವ ಪದ್ಧತಿಯೂ ನಿಲ್ಲುವುದಿಲ್ಲ. ಅಡ್ವಾನ್ಸ್ ಕೇಳದಿದ್ದಾಗ ಮೆಸೇಜು ಜಾಸ್ತಿ, ಬರುವವರು ಕಮ್ಮಿ. ಅರ್ಧದಷ್ಟು ಕೇಳಿದರೆ ಒಳ್ಳೆಯವರೂ ಮೋಸಕ್ಕೆ ಹೆದರಿ ಸರಿಯುತ್ತಾರೆ, ಅವರ ಹೆದರಿಕೆ ತಪ್ಪೂ ಅಲ್ಲ. ನೂರಕ್ಕೆ ಇಪ್ಪತ್ತರಿಂದ ಮೂವತ್ತರ ನಡುವೆ ಎರಡೂ ಕಡೆಗೆ ಒಪ್ಪಿಗೆಯಾಗುತ್ತದೆ. ಅದಕ್ಕಿಂತ ಮುಖ್ಯವಾದದ್ದು ಕ್ರಮ: ಮೊದಲು ಅಡ್ವಾನ್ಸ್ ಬಂದ ಬುಕಿಂಗ್‌ಗಳು, ಆಮೇಲೆ ಟಿಕೆಟ್. ಎರಡು ಭೇಟಿ ಖಚಿತವಾಗದೆ ನಾನು ಊರು ಬಿಡುವುದಿಲ್ಲ, ಮೇಲಿನ ಲೆಕ್ಕದ ಪ್ರಕಾರ ಎರಡಕ್ಕೆ ಅಸಲು ಹುಟ್ಟುವುದರಿಂದ. ದುಡ್ಡು ಪಡೆಯುವ ದಾರಿಯನ್ನೂ ಯೋಚಿಸಿ ಆರಿಸಿ. ಕೆಲಸ ಕಾನೂನುಬದ್ಧವಾಗಿರುವ ದೇಶಗಳಲ್ಲೂ ಅನೇಕ ಪಾವತಿ ಸಂಸ್ಥೆಗಳ ನಿಯಮಾವಳಿ ಲೈಂಗಿಕ ಸೇವೆಯ ಹಣವನ್ನು ಒಪ್ಪುವುದಿಲ್ಲ. ಖಾತೆ ಸ್ಥಗಿತವಾದರೆ ಒಳಗಿನ ಹಣ ತಿಂಗಳುಗಟ್ಟಲೆ ಸಿಕ್ಕಿಬೀಳುತ್ತದೆ. ಹಾಗಾಗಿ ಒಂದೇ ಖಾತೆಯಲ್ಲಿ ಹಣ ಗುಡ್ಡೆ ಹಾಕುವುದು ಬೇಡ.

ಜಾಹೀರಾತಿನ ಖರ್ಚು ಈಗ ದೊಡ್ಡದಾಗಿರುವುದಕ್ಕೆ ಇತಿಹಾಸವೂ ಇದೆ. ಅಮೆರಿಕದಲ್ಲಿ ಬಿಡಿ ಜಾಹೀರಾತುಗಳ ಜಾಲತಾಣ ಕ್ರೇಗ್ಸ್‌ಲಿಸ್ಟ್ ತನ್ನ ವಯಸ್ಕರ ವಿಭಾಗವನ್ನು 2010ರಲ್ಲಿ ಮುಚ್ಚಿತು. ಅಂಥದ್ದೇ ಇನ್ನೊಂದು ತಾಣ ಬ್ಯಾಕ್‌ಪೇಜ್ ಅನ್ನು ಸರ್ಕಾರ 2018ರ ಏಪ್ರಿಲ್‌ನಲ್ಲಿ ವಶಪಡಿಸಿಕೊಂಡಿತು. ಅಗ್ಗದ ಜಾಹೀರಾತಿನ ಜಾಗಗಳು ಹೋದ ಮೇಲೆ ಸ್ವಂತ ವೆಬ್‌ಸೈಟ್ ಮತ್ತು ದುಬಾರಿ ಜಾಹೀರಾತು ಪಟ್ಟಿಗಳೇ ಗತಿಯಾದವು. ಊರು ಬದಲಿಸಿದಾಗಲೆಲ್ಲ ಆ ಪಟ್ಟಿಗಳಿಗೆ ಮತ್ತೆ ಶುಲ್ಕ ಕಟ್ಟಬೇಕಾಗಬಹುದು.

ಗಡಿ ದಾಟುವವರಿಗೆ ಕಾನೂನೂ ಒಂದು ಖರ್ಚೇ. ಜರ್ಮನಿಯಲ್ಲಿ 2017ರ ಜುಲೈನಿಂದ ನೋಂದಣಿ, ಆರೋಗ್ಯ ಸಮಾಲೋಚನೆ ಕಡ್ಡಾಯ. ಅದಕ್ಕೆ ಒಂದೆರಡು ಕೆಲಸದ ದಿನಗಳನ್ನು ಎತ್ತಿಡಬೇಕು. ಸ್ವೀಡನ್‌ನಲ್ಲಿ 1999ರಿಂದ ಸೇವೆ ಕೊಳ್ಳುವುದು ಅಪರಾಧ, ಹಾಗಾಗಿ ಗಿರಾಕಿ ನಿಜ ಹೆಸರು ಕೊಡಲು ಹೆದರುತ್ತಾನೆ, ಪರಿಶೀಲನೆ ಕಠಿಣವಾಗುತ್ತದೆ. ನ್ಯೂಜಿಲೆಂಡಿನ 2003ರ ಕಾಯ್ದೆಯು, ಭೇಟಿಗೆ ಒಪ್ಪಿದ ಮೇಲೂ ನಿರಾಕರಿಸುವ ಹಕ್ಕನ್ನು ಸ್ಪಷ್ಟವಾಗಿ ಕೊಟ್ಟಿದೆ, ಆದರೆ ತಾತ್ಕಾಲಿಕ ವೀಸಾದಲ್ಲಿ ಹೋದವರು ಅಲ್ಲಿ ಈ ಕೆಲಸ ಮಾಡುವಂತಿಲ್ಲ. ಎಷ್ಟು ಒಳ್ಳೆಯ ದರ ಸಿಕ್ಕರೂ ಅಂಥ ಪ್ರವಾಸ ಲೆಕ್ಕಕ್ಕೆ ಬರುವುದಿಲ್ಲ.

ರೂಮು ನಾನು ಹಿಡಿಯಬೇಕೋ ಅವನಿರುವಲ್ಲಿಗೆ ಹೋಗಬೇಕೋ ಎಂಬ ಪ್ರಶ್ನೆಗೆ ನನ್ನ ಉತ್ತರ ಚಿಕ್ಕದು. ಇಬ್ಬರಿಗಿಂತ ಹೆಚ್ಚು ಬುಕಿಂಗ್ ಇದ್ದರೆ ನನ್ನದೇ ರೂಮು, ಇಲ್ಲದಿದ್ದರೆ ಮಲಗಲು ಮಾತ್ರ ಸಾದಾ ಜಾಗ ಹಿಡಿದು ಅವನ ಹೋಟೆಲಿಗೆ ಹೋಗುವುದು. ಹೋಗಿಬರುವ ಟ್ಯಾಕ್ಸಿಯನ್ನು ದರದೊಳಗೇ ಸೇರಿಸಿ, ಬೇರೆ ಬರೆಯಬೇಡಿ.

ನನ್ನ ದರಪಟ್ಟಿಯಲ್ಲಿ ಈಗಿರುವುದು ಕೆಲವೇ ಸಾಲು: ಎರಡು ಗಂಟೆ, ಮೂರು ಗಂಟೆ, ಊಟದೊಂದಿಗೆ ನಾಲ್ಕು ಗಂಟೆ, ರಾತ್ರಿಯಿಡೀ, ಕರೆಸಿಕೊಳ್ಳುವವರಿಗೆ ಮೂರು ಹಂತದ ಪ್ರಯಾಣ ಶುಲ್ಕ, ಅಡ್ವಾನ್ಸ್, ರದ್ದತಿಯ ನಿಯಮ. ನಾನೇ ರದ್ದು ಮಾಡಿದರೆ ಅಡ್ವಾನ್ಸ್ ಪೂರ್ತಿ ವಾಪಸ್. ಅವನು ಎರಡು ದಿನ ಮೊದಲು ಹೇಳಿದರೆ ಮುಂದಿನ ಭೇಟಿಗೆ ಜಮೆ, ಆಮೇಲೆ ಹೇಳಿದರೆ ಇಲ್ಲ. ದರ ಏರಿಸುವಾಗ ಹೊಸಬರಿಗೆ ತಕ್ಷಣದಿಂದ, ಹಳಬರಿಗೆ ಮೂರು ತಿಂಗಳ ನಂತರ. ಟಿಕೆಟ್, ರೂಮು, ಒಗೆತ ಎಂಬ ಯಾವ ಪದವೂ ಆ ಪಟ್ಟಿಯಲ್ಲಿಲ್ಲ. ಅವೆಲ್ಲ ಇರುವುದು ನನ್ನ ಲೆಕ್ಕದ ಪುಸ್ತಕದಲ್ಲಿ, ಪ್ರತಿ ಪ್ರವಾಸಕ್ಕೂ ಒಂದು ಪುಟ.