ಪೌತಿ ಖಾತೆ ಸೇವೆ: ಎಲ್ಲಿ ಕಡತ ನಿಲ್ಲುತ್ತದೆ, ಏಕೆ?

ಜಮೀನಿನ ಹಕ್ಕುದಾಖಲೆಯಾದ ಪಹಣಿ ತೆಗೆಯುವುದು ಈಗ ನಿಮಿಷದ ಕೆಲಸ. ಆ ಮಟ್ಟಿಗೆ ಕಂದಾಯ ಇಲಾಖೆಗೆ ಪೂರ್ತಿ ಅಂಕ. ಅದೇ ಪಹಣಿಯಲ್ಲಿ ತೀರಿಕೊಂಡವರ ಹೆಸರು ಹೋಗಿ ವಾರಸುದಾರರ ಹೆಸರು ಕೂರುವ ಪೌತಿ ಖಾತೆಗೆ ಐದಕ್ಕೆ ಎರಡು.

ಮರಣ ಪ್ರಮಾಣಪತ್ರ, ವಂಶವೃಕ್ಷ, ಹಾಲಿ ಪಹಣಿ, ಎಲ್ಲ ವಾರಸುದಾರರ ಆಧಾರ್, ಅಫಿಡವಿಟ್ ಸೇರಿಸಿ ಅರ್ಜಿ ಕೊಡಬೇಕು. ನೋಟಿಸ್ ಹೊರಡುತ್ತದೆ. ತಕರಾರು ಬರದಿದ್ದರೆ ಕಂದಾಯ ನಿರೀಕ್ಷಕರು ಎಂ.ಆರ್. (ಖಾತೆ ಬದಲಾವಣೆಯ ನಮೂದು) ಮಂಜೂರು ಮಾಡುತ್ತಾರೆ. ಹೇಳಲು ಇಷ್ಟೇ.

ಮೊದಲು ಸಿಕ್ಕಿಕೊಳ್ಳುವುದು ಹೆಸರು. ಪಹಣಿಯಲ್ಲಿ ‘ತಿಮ್ಮ ಬಿನ್ ಹನುಮ’, ಮರಣಪತ್ರದಲ್ಲಿ ‘ತಿಮ್ಮಯ್ಯ’, ಆಧಾರ್‌ನಲ್ಲಿ ‘ಹೆಚ್. ತಿಮ್ಮಪ್ಪ’. ಮೂವರೂ ಒಬ್ಬರೇ ಎಂದು ಊರಿಗೆಲ್ಲ ಗೊತ್ತು, ಕಡತಕ್ಕೆ ಗೊತ್ತಿಲ್ಲ. ಹಾಗಾಗಿ ಒಬ್ಬರೇ ವ್ಯಕ್ತಿ ಎಂಬ ಅಫಿಡವಿಟ್ಟನ್ನು ಅರ್ಜಿಯ ಜೊತೆಗೇ ಕೊಟ್ಟುಬಿಡಿ. ಅಕ್ಕಪಕ್ಕದ ಹಿಡುವಳಿದಾರರು ಸಹಿ ಹಾಕಿದ ಮಹಜರೂ ಇದ್ದರೆ ಇನ್ನೂ ಒಳ್ಳೆಯದು. ವಂಶವೃಕ್ಷದಲ್ಲಿ ಮದುವೆಯಾಗಿ ಹೋದ ಹೆಣ್ಣುಮಕ್ಕಳನ್ನು ಬಿಡಲೇಬೇಡಿ. ಅವರ ಹಕ್ಕು ಸಮಾನ. ಒಂದು ತಕರಾರು ಬಿದ್ದರೂ ಅರ್ಜಿ ತಹಶೀಲ್ದಾರರ ಮುಂದೆ ಪ್ರಕರಣವಾಗಿ ಕೂರುತ್ತದೆ. ಸಾವು ವರ್ಷದೊಳಗೆ ನೋಂದಣಿ ಆಗಿರದಿದ್ದರೆ ಮರಣಪತ್ರಕ್ಕೇ ಬೇರೆ ಆದೇಶ ಬೇಕು. ಅದನ್ನು ಮುಗಿಸಿಕೊಂಡೇ ಇಲ್ಲಿಗೆ ಬನ್ನಿ.

ನಿಜಕ್ಕೂ ಸಿಟ್ಟು ಬರುವುದು ಪಹಣಿಯ ಕಾಲಂ 3 ಮತ್ತು 9ರ ವಿಷಯಕ್ಕೆ. ಕಾಲಂ 3ರಲ್ಲಿ ಸರ್ವೆ ನಂಬರಿನ ವಿಸ್ತೀರ್ಣ 4 ಎಕರೆ ಎಂದಿರುತ್ತದೆ; 9ರಲ್ಲಿ ಜಂಟಿದಾರರ ಪಾಲು ಕೂಡಿದರೆ 4 ಎಕರೆ 5 ಗುಂಟೆ. ತಾಳೆಯಾಗದಿದ್ದರೆ ಖಾತೆ ಬದಲಾವಣೆ ಮುಂದಕ್ಕೆ ಹೋಗದು. ಈ ತಪ್ಪು ಬಹುಪಾಲು ಕೈಬರಹದ ಪಹಣಿಯದೋ ಅದನ್ನು ಕಂಪ್ಯೂಟರಿಗೆ ಏರಿಸಿದಾಗಿನದೋ ಆಗಿರುತ್ತದೆ. ಆದರೂ ತಿದ್ದುಪಡಿಗೆ ಅರ್ಜಿ ಹಾಕಿ, ಹಳೆಯ ದಾಖಲೆಯ ನಕಲು ತಂದು ಅಲೆಯಬೇಕಾದವರು ರೈತರು. ಇಲಾಖೆ ತಾನೇ ಮುಂದೆ ಬಂದು ಸರಿಪಡಿಸಬೇಕಾದ ಕೆಲಸ ಇದು. ಅಲ್ಲಿಯವರೆಗೆ, ಅರ್ಜಿಗೂ ಮುಂಚೆ ಗುಂಟೆಗಳನ್ನು ನೀವೇ ಕೂಡಿ ನೋಡಿ. 40 ಗುಂಟೆಗೆ ಒಂದು ಎಕರೆ.

‘ನಾಳೆ ಬನ್ನಿ’ ಎಂಬ ಬಾಯಿಮಾತಿಗೆ ಒಪ್ಪಬೇಡಿ, ಕಾರಣ ಬರೆದ ಹಿಂಬರಹ ಕೇಳಿ. ಅದು ಕೈಯಲ್ಲಿದ್ದರೆ ಮೇಲಿನವರನ್ನು ಕೇಳಲು ಆಧಾರ ಸಿಗುತ್ತದೆ. ಖಾತೆ ಬದಲಾವಣೆಯ ಆದೇಶವೇ ತಪ್ಪಾಗಿದ್ದರೆ ಭೂ ಕಂದಾಯ ಕಾಯ್ದೆಯ ಕಲಂ 136(2)ರಡಿ ಉಪವಿಭಾಗಾಧಿಕಾರಿಗೆ ಮೇಲ್ಮನವಿ ಹೋಗಬಹುದು. ಸರ್ಕಾರಿ ಸೇವೆ ಗೊತ್ತಾದ ದಿನದೊಳಗೆ ಸಿಗಬೇಕೆನ್ನುವ ‘ಸಕಾಲ’ ಕಾಯ್ದೆಯಡಿ ವಿಳಂಬ ಪರಿಹಾರ ದಿನಕ್ಕೆ ₹20, ಗರಿಷ್ಠ ₹500. ಬಸ್ಸಿನ ಖರ್ಚಿಗೂ ಸಾಲದು. ಆದರೂ ಸ್ವೀಕೃತಿ ಸಂಖ್ಯೆ ಜೋಪಾನವಾಗಿರಲಿ, ಅರ್ಜಿ ಯಾರ ಮೇಜಿನಲ್ಲಿದೆ ಎಂದು ಕೇಳಲು ಬೇಕಾಗುತ್ತದೆ.

ಹೊಸ ಪಹಣಿ ಬಂದಮೇಲೆ ಕಾಲಂ 11ರಲ್ಲಿ ತೀರಿದ ಸಾಲ ಇನ್ನೂ ಉಳಿದಿದೆಯೇ ನೋಡಿ. ಆಮೇಲೆ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ಸರ್ವೆ ನಂಬರನ್ನು ನಿಮ್ಮ ಎಫ್‌ಐಡಿಗೆ (ರೈತರ ಗುರುತಿನ ಸಂಖ್ಯೆ) ಸೇರಿಸಿ. ಸೇರಿಸದಿದ್ದರೆ ಬೆಳೆಹಾನಿ ಪರಿಹಾರ ನಿಮ್ಮ ಬ್ಯಾಂಕ್ ಖಾತೆಗೆ ಬರುವುದಿಲ್ಲ.