ಆಡಿಯೋಫೈಲ್ ಫ್ಯೂಸ್: ಕೇಳಿ ನೋಡಿದೆ, ಕೊನೆಗೆ ಎಸ್‌ಪಿ ರೋಡ್‌ದೇ ಹಾಕ್ಕೊಂಡೆ

ಮೊದ್ಲೇ ಹೇಳ್ಬಿಡ್ತೀನಿ, ಆಂಪ್ಲಿಫೈಯರ್‌ಗೆ ಕರೆಂಟ್ ಬರೋ ಕಡೆ ಇರೋ ಮಾಮೂಲಿ ಫ್ಯೂಸ್ ತೆಗೆದು ಇದನ್ನ ಹಾಕಿದ್ರೆ ಸೌಂಡ್ ಚೆನ್ನಾಗುತ್ತೆ ಅಂತ ಮಾರೋ ಈ ದುಬಾರಿ ಆಡಿಯೋಫೈಲ್ ಫ್ಯೂಸ್‌ಗೆ ನಾನಂತೂ ದುಡ್ಡು ಕೊಡಲ್ಲ. ಆದ್ರೆ ಕೇಳದೇನೇ ಬೈದ ಅನ್ನಿಸ್ಕೊಳ್ಳೋದು ಬೇಡ ಅಂತ ಜಯನಗರದ ಗೆಳೆಯನ ಹತ್ರ ಇದ್ದಿದ್ದನ್ನ ಇಸ್ಕೊಂಡು ಬಂದು ನಮ್ಮನೆ ಆಂಪ್ಲಿಫೈಯರ್‌ಗೆ ಹಾಕಿ ಕೇಳಿದೆ. ಬ್ರ್ಯಾಂಡ್ ಹೆಸರು ಬಿಡಿ. ಬೆಲೆ ಐದಂಕಿ, ಸೈಜು ಮಾಮೂಲಿ 5 ಮಿಲಿಮೀಟರ್ ದಪ್ಪ 20 ಮಿಲಿಮೀಟರ್ ಉದ್ದ, ಅಷ್ಟಕ್ಕೊಂದು ಮರದ ಡಬ್ಬಿ, ಒಳಗೆ ಸ್ಪಂಜು, ಫ್ಯೂಸ್ ಮೇಲೆ ಯಾವ ಕಡೆಗೆ ಮುಖ ಮಾಡಿ ಹಾಕ್ಬೇಕು ಅಂತ ಬಾಣದ ಗುರುತು ಬೇರೆ. ಗೋಡೆಯಿಂದ ಬರೋದು 50 ಹರ್ಟ್ಜ್ ಎಸಿ, ಸೆಕೆಂಡಿಗೆ 100 ಸಲ ದಿಕ್ಕು ಬದಲಾಯಿಸುತ್ತೆ. ಆ ಬಾಣ ಯಾರಿಗೆ ದಾರಿ ತೋರಿಸ್ತಿದೆಯೋ ಗೊತ್ತಿಲ್ಲ.

ತಮ್ಮನಿಗೆ ಹೇಳಿ ಪ್ಲಗ್ ಕಿತ್ತು ಅವನೇ ಬದಲಾಯಿಸೋದು, ಯಾವುದು ಹಾಕಿದ್ದೀನಿ ಅಂತ ಹೇಳ್ಬಾರ್ದು ಅಂತ ಮಾಡ್ಕೊಂಡ್ವಿ. ಮೃದಂಗ, ತಂಬೂರಿ ಚೆನ್ನಾಗಿ ಕೇಳೋ ಒಂದು ಕಛೇರಿ ರೆಕಾರ್ಡಿಂಗ್ ಹಾಕಿದ್ವಿ, ವಾಲ್ಯೂಮ್ ನಾಬ್ ಮುಟ್ಲೇ ಇಲ್ಲ. ನಾನು ಹೇಳಿದ್ದೆಲ್ಲಾ ಬರೀ ಊಹೆ, ಸರಿಯಾಗಿದ್ದೂ ಉಂಟು ತಪ್ಪಿದ್ದೂ ಉಂಟು. ಗೆಳೆಯನಿಗೆ ಫೋನ್ ಮಾಡಿದ್ರೆ "ಬರ್ನ್ ಇನ್ ಆಗ್ಬೇಕು ಮಗಾ" ಅಂದ, ಅಂದ್ರೆ ಸುಮಾರು ಹೊತ್ತು ಓಡಿ ಪಳಗಬೇಕಂತೆ. ಅವನ ಮನೇಲೇ ಅದು ತಿಂಗಳುಗಟ್ಲೆ ಓಡಿತ್ತಲ್ಲ!

ಲೆಕ್ಕ ಹಾಕಿದ್ರೂ ಅಷ್ಟೇ. ನಮ್ಮದು 3.15 ಆಂಪಿಯರ್ ಸ್ಲೋ ಬ್ಲೋ, ಅಂದ್ರೆ ಆನ್ ಮಾಡಿದಾಗಿನ ಕ್ಷಣದ ಏಟಿಗೆ ಹೋಗದೇ ತಡ್ಕೊಳ್ಳೋ ಫ್ಯೂಸ್. ಅದರ ರೆಸಿಸ್ಟೆನ್ಸ್ 0.03 ಓಮ್ ಅಂತ ಇಟ್ಕೊಳ್ಳಿ, ಕೇಳೋವಾಗ ಅರ್ಧ ಆಂಪಿಯರ್ ಎಳೀತು ಅಂದ್ರೂ ಫ್ಯೂಸಲ್ಲಿ ಕಳೆಯೋದು 0.015 ವೋಲ್ಟ್. ನಮ್ಮ ಏರಿಯಾದಲ್ಲಿ ಸಾಯಂಕಾಲ ಎಲ್ರೂ ಗೀಸರ್, ಇಂಡಕ್ಷನ್ ಒಲೆ ಹಾಕಿದಾಗ 230 ವೋಲ್ಟ್ ಅನ್ನೋದು ಇದಕ್ಕಿಂತ ನೂರಾರು ಪಟ್ಟು ಏರಿಳಿತ ಆಡುತ್ತೆ. ಅದಾದ್ಮೇಲೆ ಟ್ರಾನ್ಸ್‌ಫಾರ್ಮರ್, ರೆಕ್ಟಿಫೈಯರ್, ದೊಡ್ಡ ಕೆಪಾಸಿಟರ್ ಎಲ್ಲಾ ದಾಟಿ ತಾನೇ ಸ್ಪೀಕರ್‌ಗೆ ಹೋಗೋದು.

ಹಾಗಂತ ಫ್ಯೂಸ್ ಯಾವತ್ತೂ ಸೌಂಡ್ ಕೆಡಿಸಲ್ಲ ಅಂತ ಅಲ್ಲ. ಕೆಲವು ಹಳೇ ಆಂಪ್ಲಿಫೈಯರ್‌ಗಳಲ್ಲಿ ಸ್ಪೀಕರ್ ಲೈನಲ್ಲೇ ಫ್ಯೂಸ್ ಇರುತ್ತೆ. ಅಲ್ಲಿ ಜೋರು ಬೇಸ್ ಬಂದಾಗ ತಂತಿ ಬಿಸಿಯಾಗಿ ತಣ್ಣಗಾಗಿ ರೆಸಿಸ್ಟೆನ್ಸ್ ಬದಲಾಗ್ತಾ ಇರುತ್ತೆ, ಆ ಡಿಸ್ಟಾರ್ಶನ್ ಮೀಟರಲ್ಲಿ ಕಾಣುತ್ತೆ. ಅದಕ್ಕೆ ಮದ್ದು ಫ್ಯೂಸಿಗೆ ಬಂಗಾರದ ಕ್ಯಾಪ್ ಅಲ್ಲ, ಏನಾದ್ರೂ ಕೆಟ್ರೆ ಸ್ಪೀಕರ್ ಲೈನ್ ತಾನೇ ಕಡಿಯೋ ಸ್ವಿಚ್, ಅಂದ್ರೆ ಸರಿಯಾದ ರಿಲೇ ಪ್ರೊಟೆಕ್ಷನ್ ಇರೋ ಡಿಸೈನ್. ಇನ್ನೊಂದು, ಫ್ಯೂಸ್ ಹೋಲ್ಡರ್ ಕ್ಲಿಪ್ ಕಪ್ಪಾಗಿ ಸಡಿಲ ಆಗಿದ್ರೆ ಅದು ಬಿಸಿಯಾಗುತ್ತೆ, ಒಮ್ಮೊಮ್ಮೆ ಕಾಂಟ್ಯಾಕ್ಟ್ ಬಿಟ್ಟು ಹಿಡಿಯುತ್ತೆ. ದುಬಾರಿ ಫ್ಯೂಸ್ ಹಾಕಿದ್ಮೇಲೆ "ಸಖತ್ ಕ್ಲಿಯರ್ ಆಯ್ತು" ಅನ್ನೋರಲ್ಲಿ ಕೆಲವರದ್ದು ಬಹುಶಃ ಇದೇ, ಹಳೇದು ತೆಗೆದು ಹೊಸದು ತುರುಕುವಾಗ ಕ್ಲಿಪ್ಪಿನ ಮೇಲಿನ ಕಿಲುಬು ಉಜ್ಜಿ ಹೋಗಿರುತ್ತೆ. ಕಾಂಟ್ಯಾಕ್ಟ್ ಕ್ಲೀನರ್ ಹಚ್ಚಿ ಉಜ್ಜಿ ಒರೆಸಿದ್ರೂ ಅದೇ ಕೆಲಸ ಆಗುತ್ತೆ, ಪ್ಲಗ್ ಕಿತ್ತು ಸ್ವಲ್ಪ ಹೊತ್ತು ಬಿಟ್ಟು ಕೈ ಹಾಕಿ ಅಷ್ಟೇ, ಕೆಪಾಸಿಟರಲ್ಲಿ ಚಾರ್ಜ್ ಉಳಿದಿರುತ್ತೆ.

ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಬೀದಿ ಎಸ್‌ಪಿ ರೋಡಿಗೆ ಹೋದಾಗ ಅಂಗಡಿಯವರಿಗೆ "ಅಣ್ಣ, 3.15 ಸ್ಲೋ ಬ್ಲೋ, ಸೆರಾಮಿಕ್ ಕೊಡಿ" ಅಂದೆ. "ಗ್ಲಾಸಿಂದು ಸಾಕಲ್ವಾ ಸಾರ್" ಅಂದ್ರು. ಸಾಲಲ್ಲ. ಗಾಜಿನದ್ರಲ್ಲಿ ಎಲ್ ಅಂತ ಗುರುತು ಇದ್ರೆ 35 ಆಂಪಿಯರ್ ಅಥವಾ ರೇಟಿಂಗ್‌ನ ಹತ್ತು ಪಟ್ಟು, ಯಾವುದು ಜಾಸ್ತಿನೋ ಅಷ್ಟರವರೆಗಿನ ಶಾರ್ಟ್ ಮಾತ್ರ ಸೇಫಾಗಿ ಕಡಿಯುತ್ತೆ, ಹೆಚ್ ಅಂತ ಇರೋ ಸೆರಾಮಿಕ್ 1500 ಆಂಪಿಯರ್‌ವರೆಗಿನ ಶಾರ್ಟನ್ನೂ ಸೇಫಾಗಿ ಕಡಿಯುತ್ತೆ. ಅಪ್‌ಗ್ರೇಡ್ ಅಂದ್ರೆ ನನ್ನ ಲೆಕ್ಕದಲ್ಲಿ ಇದು. ಆದ್ರೆ ನಿಮ್ಮ ಆಂಪ್ಲಿಫೈಯರ್ ಹಿಂದೆ ಎಷ್ಟು ಆಂಪಿಯರ್, ಯಾವ ಥರದ್ದು ಅಂತ ಬರೆದಿದೆಯೋ ಅದನ್ನೇ ಹಾಕಿ, ಹೆಚ್ ಅಂತ ಇದ್ರೆ ಎಲ್ ಹಾಕ್ಬೇಡಿ. ಟಿ (ಸ್ಲೋ ಬ್ಲೋ) ಅಂತ ಇರೋ ಕಡೆ ಎಫ್ (ಫಾಸ್ಟ್, ಬೇಗ ಹೋಗೋದು) ಹಾಕಿದ್ರೆ ಟೊರಾಯ್ಡ್, ಅಂದ್ರೆ ಉದ್ದಿನವಡೆ ಆಕಾರದ ಟ್ರಾನ್ಸ್‌ಫಾರ್ಮರ್ ಆನ್ ಆಗೋವಾಗಿನ ಏಟಿಗೇ ಫ್ಯೂಸ್ ಢಮಾರ್. ಪದೇ ಪದೇ ಹೋಗುತ್ತೆ ಅಂತ 5 ಆಂಪಿಯರ್ ಹಾಕೋ ಪುಣ್ಯಾತ್ಮರೂ ಇದ್ದಾರೆ, ಅವರ ಮನೆ ಟ್ರಾನ್ಸ್‌ಫಾರ್ಮರ್ರೇ ಆಮೇಲೆ ಫ್ಯೂಸ್ ಆಗೋದು.

ಅಂಗಡಿಯವರು ಮಾತು ಕಮ್ಮಿ, ಮಾಲು ಸರಿ, ನನ್ನೆದುರೇ ಮಲ್ಟಿಮೀಟರ್ ಇಟ್ಟು ಕಂಟಿನ್ಯುಟಿ, ಅಂದ್ರೆ ಒಳಗಿನ ತಂತಿ ತುಂಡಾಗಿಲ್ಲ ಅಂತ ನೋಡಿ ಕೊಟ್ರು. ಒಂದು ಕೈತುಂಬಾ ತಗೊಂಡ್ರೂ ಒಂದು ಮಸಾಲೆ ದೋಸೆ, ಕಾಫಿ ಬಿಲ್ ದಾಟಲಿಲ್ಲ. ಗುರುತು ಅಚ್ಚಾಗದೇ ಇರೋದು, ಕ್ಯಾಪ್ ಅಲ್ಲಾಡೋದು ಕೊಟ್ರೆ ವಾಪಸ್ ಕೊಟ್ಬಿಡಿ. ಗಾಡಿ ತಗೊಂಡು ಹೋಗ್ಬೇಡಿ, ಪಾರ್ಕಿಂಗ್ ಸಿಗಲ್ಲ, ಚಿಕ್ಕಪೇಟೆ ಮೆಟ್ರೋದಲ್ಲಿ ಇಳಿದು ನಡೀರಿ. ಭಾನುವಾರ ಬಹಳಷ್ಟು ಶಟರ್ ಎಳೆದಿರ್ತಾರೆ.