ಆಮ್‌ಸ್ಟೆಲ್‌ವೇನ್‌ನ ಸಂಜೆ ಡಚ್ ತರಗತಿ: ವ್ಯಾಕರಣಕ್ಕೆ ಪೂರ್ಣ ಅಂಕ, ಪದಪಾಠಕ್ಕೆ ಅರ್ಧ

ನೆದರ್‌ಲ್ಯಾಂಡ್ಸ್‌ನ ಆಮ್‌ಸ್ಟೆಲ್‌ವೇನ್‌ನಲ್ಲಿ ನಾನು ಹೋಗುವ ಸಂಜೆಯ ಡಚ್ ತರಗತಿ ಹೇಗಿದೆ ಎಂದು ಇಲ್ಲಿನ ಕನ್ನಡದ ಗೆಳತಿಯರು ಕೇಳುತ್ತಲೇ ಇರುತ್ತಾರೆ. ವ್ಯಾಕರಣ ಗಟ್ಟಿಯಾಗಬೇಕೆಂದರೆ ಕಣ್ಣು ಮುಚ್ಚಿ ಸೇರಿಕೊಳ್ಳಿ. ಪದಗಳ ವಿಷಯದಲ್ಲಿ ಮಾತ್ರ ಮನೆಯಲ್ಲಿ ನೀವೇ ದುಡಿಯಬೇಕು.

ನಮ್ಮ ಶಿಕ್ಷಕಿ ನಿಯಮವನ್ನು ಮೊದಲೇ ಹೇಳುವುದಿಲ್ಲ. ಬೋರ್ಡಿನ ಮೇಲೆ ‘ಇಕ್ ಖಾ ಮೊರ್ಖೆನ್ ನಾರ್ ಉಟ್ರೆಕ್ಟ್’ ಎಂದು ಬರೆಯುತ್ತಾರೆ. ಎಂದರೆ, ‘ನಾನು ನಾಳೆ ಉಟ್ರೆಕ್ಟ್ ಊರಿಗೆ ಹೋಗುತ್ತೇನೆ’. ಆಮೇಲೆ ನಾಳೆ ಎನ್ನುವ ‘ಮೊರ್ಖೆನ್’ ಅನ್ನು ಮುಂದಕ್ಕೆ ತರುತ್ತಾರೆ: ‘ಮೊರ್ಖೆನ್ ಖಾ ಇಕ್ ನಾರ್ ಉಟ್ರೆಕ್ಟ್’. ‘ಇಕ್’ ಹಿಂದೆ ಸರಿಯಿತು, ‘ಖಾ’ ಎಂಬ ಕ್ರಿಯಾಪದ ಎರಡನೆಯ ಜಾಗ ಬಿಟ್ಟು ಕದಲಲಿಲ್ಲ. ಅದೇ ವಾಕ್ಯಕ್ಕೆ ‘ಏಕೆಂದರೆ’ ಎನ್ನುವ ‘ಓಮ್‌ದಾತ್’ ಸೇರಿಸಿದರೆ ಕ್ರಿಯಾಪದ ಕೊನೆಗೆ ಹೋಗಿ ಕೂರುತ್ತದೆ: ‘ಓಮ್‌ದಾತ್ ಇಕ್ ಮೊರ್ಖೆನ್ ನಾರ್ ಉಟ್ರೆಕ್ಟ್ ಖಾ’. ತರಗತಿಯಲ್ಲಿರುವ ಸ್ಪೇನ್, ಬ್ರೆಜಿಲ್‌ನವರು ಇಲ್ಲಿ ತಿಣುಕಾಡಿದರು. ಕ್ರಿಯಾಪದವನ್ನು ಕೊನೆಯಲ್ಲಿಟ್ಟೇ ಮಾತು ಕಲಿತ ನಮಗೆ ಇದು ಸಲೀಸು; ಕಾಡುವುದು ಆ ಎರಡನೆಯ ಜಾಗದ ಕಟ್ಟುಪಾಡು. ಶಿಕ್ಷಕಿ ಅದನ್ನು ಗಮನಿಸಿ ನನಗೂ ತಮಿಳು ಮಾತನಾಡುವ ಇನ್ನೊಬ್ಬರಿಗೂ ಪ್ರತ್ಯೇಕ ಅಭ್ಯಾಸ ಬರೆದುಕೊಟ್ಟರು. ಅವರ ಮೇಲಿನ ಗೌರವ ಅಂದೇ ಇಮ್ಮಡಿಯಾಯಿತು.

ಭೂತಕಾಲದ ಪಾಠವೂ ಅಚ್ಚುಕಟ್ಟು. ನಿಯಮಿತ ಕ್ರಿಯಾಪದದ ಮೂಲ ಟಿ, ಕೆ, ಎಫ್, ಎಸ್, ಸಿಎಚ್, ಪಿಗಳಲ್ಲಿ ಒಂದರಿಂದ ಮುಗಿದರೆ ‘ತೆ’, ಇಲ್ಲವಾದರೆ ‘ದೆ’. ‘ಎಟ್ ಕೋಫ್‌ಸ್ಖಿಪ್’ ಎಂದು ನೆನಪಿಟ್ಟರೆ ಆ ವ್ಯಂಜನಗಳೆಲ್ಲ ಅದರಲ್ಲೇ ಇವೆ. ಕೆಲಸ ಮಾಡಿದೆ ಎನ್ನಲು ‘ವೆರ್ಕ್‌ತೆ’, ವಾಸವಾಗಿದ್ದೆ ಎನ್ನಲು ‘ವೋನ್‌ದೆ’.

ಇನ್ನು ಪದಪಾಠ. ಅಡುಗೆಮನೆ, ಆಸ್ಪತ್ರೆ, ಪುರಸಭೆ ಎಂದು ವಾರಕ್ಕೊಂದು ಪಟ್ಟಿ ಕೈಗಿಡುತ್ತಾರೆ. ಆದರೆ ನಾಮಪದದ ಜೊತೆ, ಇಂಗ್ಲಿಷಿನ ‘ದಿ’ಯಂತೆ, ‘ಡೆ’ ಬರುತ್ತದೆಯೋ ‘ಹೆಟ್’ ಬರುತ್ತದೆಯೋ ನಮೂದಿಸಿರುವುದಿಲ್ಲ. ಇದು ಸಣ್ಣ ಲೋಪವಲ್ಲ, ಏಕೆಂದರೆ ಗುಣವಾಚಕದ ರೂಪವೂ ಅದನ್ನೇ ಅವಲಂಬಿಸಿದೆ. ಮೇಜು ‘ಡೆ’ ಗುಂಪಿನದು, ಹಾಗಾಗಿ ಒಂದು ದೊಡ್ಡ ಮೇಜು ‘ಎನ್ ಖ್ರೋತೆ ತಾಫೆಲ್’. ಪುಸ್ತಕ ‘ಹೆಟ್’ ಗುಂಪಿನದು, ಅದು ‘ಎನ್ ಖ್ರೋತ್ ಬೂಕ್’. ಬಹುವಚನಕ್ಕೆಲ್ಲ ‘ಡೆ’, ಪುಟ್ಟದ್ದು ಎಂದು ಸೂಚಿಸುವ ಏಕವಚನ ರೂಪಗಳಿಗೆಲ್ಲ ‘ಹೆಟ್’ ಎಂಬಂಥ ಕೆಲವು ಆಸರೆಗಳಿವೆ, ಹೆಚ್ಚಿನದು ಬಾಯಿಪಾಠವೇ. ನಾನು ಫಾನ್ ದಾಲೆ ನಿಘಂಟಿನ ಉಚಿತ ಜಾಲತಾಣ ತೆರೆದು ಒಂದೊಂದಕ್ಕೂ ಪೆನ್ಸಿಲಿನಲ್ಲಿ ಬರೆದುಕೊಳ್ಳುತ್ತೇನೆ.

ಶುಲ್ಕ ಕಡಿಮೆಯೇನಲ್ಲ, ಪುಸ್ತಕದ ಹಣ ಬೇರೆ. ಹೊರದೇಶಗಳಿಂದ ಬಂದು ನೆಲೆಸುವವರ ‘ಇನ್‌ಬುರ್ಖರಿಂಗ್’ ಪರೀಕ್ಷೆಗೆ ಕೂರುವವರಿಗೆ ಓದು, ಬರಹದ ತಯಾರಿ ಇಲ್ಲಿ ಚೆನ್ನಾಗಿ ಆಗುತ್ತದೆ. ಮಾತಿನ ಅಭ್ಯಾಸ ಸಾಲದು. ಅದಕ್ಕೆ ಗ್ರಂಥಾಲಯಗಳಲ್ಲಿ ಸ್ವಯಂಸೇವಕರು ನಡೆಸುವ ‘ತಾಲ್‌ಕಫೆ’ ಎಂಬ ಮಾತುಕತೆಯ ಕೂಟಗಳಿಗೆ ಹೋಗಿ. ತರಗತಿಯವರಿಗೆ ನನ್ನದೊಂದೇ ಕೋರಿಕೆ: ಮುಂದಿನ ಪಟ್ಟಿ ಅಚ್ಚು ಹಾಕಿಸುವಾಗ ಪ್ರತಿ ನಾಮಪದದ ಮುಂದೆ ಆ ‘ಡೆ’, ‘ಹೆಟ್’ ಸೇರಿಸಿಬಿಡಿ.